ಚಳಿಗಾಲದ ಗುಡ್ಡದ ದಾರಿಯಲ್ಲಿ ತಿಂಗಳಿಗೊಂದು 200 ಕಿ.ಮೀ. ಸೈಕಲ್ ಸವಾರಿ: ಮಾಡಿದವರು ಹೇಳಿ

ಮ್ಯಾಂಚೆಸ್ಟರ್‌ನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಎರಡು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿದ್ದೇನೆ. ಬೆಂಗಳೂರಿನಲ್ಲಿದ್ದಾಗ 200 ಮತ್ತು 300 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದ್ದೆ. ಈಗ ಇಲ್ಲಿನ ದೂರದ ಸವಾರಿಗಳ ಸಂಘ ಆಡ್ಯಾಕ್ಸ್ ಯುಕೆಯವರ 'ರಾಂಡನರ್ ರೌಂಡ್ ದಿ ಇಯರ್' ಸವಾಲು ಮಾಡಬೇಕೆಂಬ ಆಸೆ. ಸತತ 12 ತಿಂಗಳು, ಪ್ರತಿ ತಿಂಗಳೂ ಕಡೇ ಪಕ್ಷ ಒಂದು 200 ಕಿ.ಮೀ. ಯಾವ ತಿಂಗಳಿನಿಂದ ಬೇಕಾದರೂ ಶುರು ಮಾಡಬಹುದು. ನಡುವೆ ಒಂದು ತಿಂಗಳು ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ.

ಮನೆಯಿಂದ ಹೊರಟರೆ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳು ಹತ್ತಿರವೇ. ಬೇಸಿಗೆಯಲ್ಲಿ ಹತ್ತಿ ಇಳಿದಿದ್ದೇನೆ. ಡಿಸೆಂಬರ್, ಜನವರಿ ನೆನೆಸಿಕೊಂಡರೆ ಮಾತ್ರ ಭಯ. ಯಾವ ತಿಂಗಳು ಶುರು ಮಾಡಲಿ? ಯಾವ ದಾರಿ ಹಿಡಿಯಲಿ? ಏನು ಹಾಕಿಕೊಳ್ಳಲಿ, ಏನು ತಿನ್ನಲಿ? ನಾಲ್ಕು ವರ್ಷದ ಮಗಳಿದ್ದಾಳೆ, ತಿಂಗಳಿಗೆ ಒಂದೇ ಶನಿವಾರ ಬಿಡುವು ಸಿಗುತ್ತದೆ. ಮಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಶೆಫೀಲ್ಡ್‌ನಿಂದ

ನಮಸ್ಕಾರ. ನಾನು ಶಿವಮೊಗ್ಗದವಳು, ಶೆಫೀಲ್ಡ್‌ಗೆ ಬಂದು ಒಂಬತ್ತು ವರ್ಷವಾಯಿತು. ಈ ಸವಾಲನ್ನು ಎರಡನೇ ಸಲಕ್ಕೆ ಮುಗಿಸಿದೆ. ಮೊದಲ ಸಲ ಯಾಕೆ ಮುರಿಯಿತು ಅಂತ ಹೇಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ ಅನ್ನಿಸುತ್ತದೆ.

ಮೊದಲ ಸಲ ಏಪ್ರಿಲ್‌ನಲ್ಲಿ ಶುರು ಮಾಡಿದೆ. ಡಿಸೆಂಬರ್ ತನಕ ಒಂಬತ್ತು ತಿಂಗಳು ಚೆನ್ನಾಗಿಯೇ ನಡೆಯಿತು. ಜನವರಿಯಲ್ಲಿ ಮೊದಲ ವಾರ ನೆಗಡಿ, ಎರಡನೇ ವಾರ ಮಳೆ, ಮೂರನೇ ವಾರ ಮನೆಗೆ ನೆಂಟರು. ಉಳಿದದ್ದು ಕೊನೆಯ ಶನಿವಾರ. ಹಿಂದಿನ ರಾತ್ರಿ ಆಕಾಶ ಸ್ವಚ್ಛವಾಗಿತ್ತು, ನಕ್ಷತ್ರ ಎಣಿಸಬಹುದಿತ್ತು. ಅಂಥ ರಾತ್ರಿಯೇ ರಸ್ತೆ ಹೆಪ್ಪುಗಟ್ಟೋದು. ಅದು ನನಗೆ ಗೊತ್ತಿತ್ತು. ಆದರೂ ಒಂಬತ್ತು ತಿಂಗಳ ಶ್ರಮ ಕಣ್ಣ ಮುಂದಿತ್ತು, ಹೊರಟುಬಿಟ್ಟೆ.

ಲಾಂಗ್ನರ್ ದಾಟಿ ಹಾರ್ಟಿಂಗ್ಟನ್ ಕಡೆ ಹೋಗುವ ಒಂದು ಸಣ್ಣ ರಸ್ತೆ. ಎಡಗಡೆ ಕಲ್ಲಿನ ಗೋಡೆ. ಅದರ ಬುಡದಿಂದ ನೀರು ಒಸರಿ ರಸ್ತೆಗೆ ಅಡ್ಡಲಾಗಿ ಹರಿದಿತ್ತು, ಎರಡು ಮಾರು ಅಗಲ ಇರಬಹುದು. ನೋಡುವುದಕ್ಕೆ ಬರೀ ಒದ್ದೆ ರಸ್ತೆ. ಮುಂದಿನ ಚಕ್ರ ಅದರ ಮೇಲೆ ಹೋದಾಗ ಟೈರಿನ ಸದ್ದು ನಿಂತುಹೋಯಿತು. ಆ ಸದ್ದಿಲ್ಲದ ಒಂದು ಕ್ಷಣ ಇವತ್ತಿಗೂ ನೆನಪಿದೆ. ಆಮೇಲೆ ನೆಲದ ಮೇಲಿದ್ದೆ. ಏಳೋಣ ಅಂತ ಕಾಲೂರಿದರೆ ಶೂ ಜಾರಿತು, ಮತ್ತೆ ಬಿದ್ದೆ. ಮಂಡಿಯೂರಿ ರಸ್ತೆಯಂಚಿನ ಹುಲ್ಲಿನ ತನಕ ತೆವಳಿದೆ. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ.

ಬಿದ್ದದ್ದು ಮಂಜುಗಡ್ಡೆಯ ಮೇಲೆ. ಆದರೆ ತಪ್ಪು ಆಗಿದ್ದು ಕ್ಯಾಲೆಂಡರ್‌ನಲ್ಲಿ. ತಿಂಗಳ ಕೊನೆಗೆ ಉಳಿಸಿಕೊಂಡವರಿಗೆ 'ಇವತ್ತು ಬೇಡ' ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಈ ಸವಾಲಿನಲ್ಲಿ ಕಾಲಿನ ಬಲಕ್ಕಿಂತ ಆ ಸ್ವಾತಂತ್ರ್ಯ ಮುಖ್ಯ. ಎರಡನೇ ಸಲ ಒಂದೇ ನಿಯಮ ಇಟ್ಟುಕೊಂಡೆ. ತಿಂಗಳ ಮೊದಲ ಶನಿವಾರ ಸವಾರಿ. ಅದು ಆಗದಿದ್ದರೆ ಎಂದು ಎರಡನೆಯ ಶನಿವಾರವೂ ಮೊದಲೇ ಕಾಯ್ದಿಟ್ಟದ್ದು. ನಿಮಗೆ ಒಂದೇ ಶನಿವಾರ ಅಂದಿರಿ. ಮನೆಯವರ ಜೊತೆ ಕೂತು ಈಗಲೇ ಮಾತಾಡಿ. ನವೆಂಬರ್‌ನಿಂದ ಫೆಬ್ರವರಿ ತನಕ ಮಾತ್ರ ಎರಡು ಶನಿವಾರ ಗುರುತು ಹಾಕಿ. ಮೊದಲನೆಯದರಲ್ಲೇ ಮುಗಿದರೆ ಎರಡನೆಯದು ಪೂರ್ತಿ ಮಗಳಿಗೆ. ನಾನು ಹಾಗೇ ಮಾಡಿದೆ, ಮನೆಯಲ್ಲಿ ಯಾರಿಗೂ ಬೇಸರ ಆಗಲಿಲ್ಲ.

ಅದೇ ಕಾರಣಕ್ಕೆ ನವೆಂಬರ್‌ನಲ್ಲಿ ಶುರು ಮಾಡಿ ಅನ್ನುತ್ತೇನೆ. ಬೇಸಿಗೆಯಲ್ಲಿ ಶುರು ಮಾಡಿ, ಕಾಲು ಹದವಾದ ಮೇಲೆ ಚಳಿಗೆ ಇಳಿಯಿರಿ ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನವೆಂಬರ್‌ನಲ್ಲಿ ಹೊರಟು ಜನವರಿಯಲ್ಲಿ ತಪ್ಪಿದರೆ ಹೋಗುವುದು ಎರಡೇ ತಿಂಗಳು. ಮನಸ್ಸು ಹಗುರವಾಗಿರುತ್ತದೆ, ವಾಪಸ್ ತಿರುಗಲು ಧೈರ್ಯ ಬರುತ್ತದೆ.

ಈಗ ದಾರಿ. ಸವಾಲಿಗೆ ಬೇಕಾಗಿರುವುದು ದೂರ, ಎತ್ತರ ಅಲ್ಲ. ಡಿಸೆಂಬರ್, ಜನವರಿಯಲ್ಲಿ ನೀವು ದಕ್ಷಿಣಕ್ಕೆ ಇಳಿಯಿರಿ. ಚೆಷೈರ್ ಬಯಲಿನಲ್ಲಿ ನಾಂಟ್‌ವಿಚ್, ವಿಚರ್ಚ್ ಕಡೆ ಹೋಗಿ ಬಂದರೆ 200 ಕಿ.ಮೀ. ಆರಾಮಾಗಿ ಸಿಗುತ್ತದೆ. ಗುಡ್ಡ ಬೇಕೇ ಬೇಕು ಅನ್ನಿಸಿದರೆ ಮೊದಲ ಅರ್ಧದಲ್ಲಿ ಒಂದೇ ದೊಡ್ಡ ಏರು ಇಟ್ಟುಕೊಳ್ಳಿ. ಅದೂ ಹಗಲಲ್ಲಿ, ಹೆಪ್ಪುಗಟ್ಟದಂತೆ ಉಪ್ಪು ಹಾಕುವ ದೊಡ್ಡ ರಸ್ತೆಯಲ್ಲಿ. ಮ್ಯಾಕಲ್ಸ್‌ಫೀಲ್ಡ್‌ನಿಂದ ಗುಡ್ಡದ ಮೇಲಿನ ಹಳೇ ಪಬ್ ಕ್ಯಾಟ್ ಅಂಡ್ ಫಿಡ್ಲ್ ತನಕ ಹತ್ತುವ ರಸ್ತೆ ಅಂಥದ್ದು. 11 ಕಿ.ಮೀ. ಹತ್ತಿರ ಏರು, ಆದರೆ ಎಲ್ಲೂ ಎದೆ ಒಡೆಯುವಂತೆ ಇಲ್ಲ. ಕಾಸಲ್ಟನ್ ಹತ್ತಿರದ ವಿನಾಟ್ಸ್ ಪಾಸ್ ಕಡೆ ಚಳಿಗಾಲದಲ್ಲಿ ಹೋಗಬೇಡಿ. ಶೇ 20ರ ಏರು. ಒದ್ದೆಯಾದರೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ.

ಹವಾಮಾನ ನೋಡುವಾಗ ಮ್ಯಾಂಚೆಸ್ಟರಿನ ಡಿಗ್ರಿ ನಂಬಿ ಹೊರಡಬೇಡಿ. 100 ಮೀಟರ್ ಮೇಲೇರಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಕ್ಯಾಟ್ ಅಂಡ್ ಫಿಡ್ಲ್ ಇರುವುದು 515 ಮೀಟರ್ ಎತ್ತರದಲ್ಲಿ. ಊರಲ್ಲಿ 3 ಡಿಗ್ರಿ ಅಂದರೆ ಅಲ್ಲಿ ಸೊನ್ನೆ. ಮೋಡ ಇಲ್ಲದ ರಾತ್ರಿ ರಸ್ತೆ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ರಾತ್ರಿಯ ಕನಿಷ್ಠ 4 ಡಿಗ್ರಿಗಿಂತ ಕಡಿಮೆ ಇದ್ದರೆ ನಾನು ಸಣ್ಣ ರಸ್ತೆಗೆ ಹೋಗುವುದಿಲ್ಲ. ಬೆಳಿಗ್ಗೆ ಮನೆ ಮುಂದೆ ನಿಂತ ಕಾರಿನ ಗಾಜು ಮುಟ್ಟಿ ನೋಡುತ್ತೇನೆ. ಹೆಪ್ಪುಗಟ್ಟಿದ್ದರೆ ವಾಪಸ್ ಹಾಸಿಗೆಗೆ. ಎರಡನೇ ಸಲ ಮಾಡುವಾಗ ಎರಡು ಬಾರಿ ಹಾಗೆ ಹಿಂದೆ ಸರಿದೆ.

ಕತ್ತಲೆ ಬಗ್ಗೆ ಒಂದು ಮಾತು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8:20ರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ 3:50ಕ್ಕೆ. ಹಗಲು ಏಳೂವರೆ ಗಂಟೆ. ನಿಂತ ಹೊತ್ತೂ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ ಇದ್ದರೆ 200 ಕಿ.ಮೀ.ಗೆ 13 ಗಂಟೆ ದಾಟುತ್ತದೆ. ನೀವು ಎಷ್ಟೇ ಬೇಗ ಹೋದರೂ ಮೂರು ನಾಲ್ಕು ಗಂಟೆ ಕತ್ತಲಲ್ಲೇ. ನಾನು ಆ ಕತ್ತಲನ್ನು ಸಂಜೆಗೆ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ರಸ್ತೆ ಹೆಚ್ಚು ತಣ್ಣಗಿರುತ್ತದೆ, ಸಂಜೆ ಅಷ್ಟಿರುವುದಿಲ್ಲ. ಏಳಕ್ಕೆ ಹೊರಡುತ್ತೇನೆ, ಅದಕ್ಕಿಂತ ಮುಂಚೆ ಬೇಡ.

ಬಟ್ಟೆ ಜಾಸ್ತಿ ಹಾಕಿಕೊಂಡವರೇ ಜಾಸ್ತಿ ನಡುಗುವುದು. ಹತ್ತುವಾಗ ಬೆವರು, ಇಳಿಯುವಾಗ ಆ ಬೆವರಿಗೆ ಗಾಳಿ. ಏರು ಶುರುವಾಗುವ ಮೊದಲೇ ಜಿಪ್ ಇಳಿಸಿ. ನೆತ್ತಿ ಮುಟ್ಟಿದ ಕೂಡಲೇ, ಮೈ ಇನ್ನೂ ಬಿಸಿ ಇರುವಾಗಲೇ, ಜಾಕೆಟ್ ಹಾಕಿಕೊಳ್ಳಿ. ಒಳಗೆ ಮೆರಿನೊ ಉಣ್ಣೆಯದು ಒಂದು ಸಾಕು, ಒದ್ದೆಯಾದರೂ ಬೆಚ್ಚಗಿರುತ್ತದೆ. ಗ್ಲೌಸ್ ಮಾತ್ರ ಎರಡು ಜೊತೆ. ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳಿ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ, ಟ್ಯೂಬಿನ ವಾಲ್ವ್ ಮುಚ್ಚಳ ಕೂಡ ಬಿಚ್ಚಲಾಗುವುದಿಲ್ಲ.

ತಿನ್ನುವುದಕ್ಕೆ ಕಡಲೆಬೀಜದ ಚಿಕ್ಕಿ ಒಯ್ದೆ, 2 ಡಿಗ್ರಿಯಲ್ಲಿ ಕಲ್ಲಾಗಿತ್ತು. ಕಚ್ಚಲು ಆಗಲಿಲ್ಲ. ಚಪಾತಿಗೆ ಬೆಲ್ಲ, ತುಪ್ಪ ಸವರಿ ಸುರುಳಿ ಸುತ್ತಿ ತುಂಡು ಮಾಡಿ. ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಡಿ, ಮೆತ್ತಗಿರುತ್ತದೆ. ಖರ್ಜೂರ, ಬಾಳೆಹಣ್ಣು ಆಗುತ್ತದೆ. ಒಬ್ಬಟ್ಟು ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ನಾನು ಯುಗಾದಿ ಆದ ವಾರ ಬರೀ ಒಬ್ಬಟ್ಟಿನ ಮೇಲೆ 200 ಮುಗಿಸಿದ್ದೇನೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಚಿಕ್ಕ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಇದ್ದರೆ ತಾನಾಗಿ ಕುಡಿಯುತ್ತೀರಿ.

ಬ್ರಿಸ್ಟಲ್‌ನಿಂದ

ಮೇಡಂ ಎಲ್ಲ ಹೇಳಿದ್ದಾರೆ, ನಾನು ಸೈಕಲ್ ಬಗ್ಗೆ ಮಾತ್ರ ಸೇರಿಸುತ್ತೇನೆ. ಶರತ್ಕಾಲ, ಚಳಿಗಾಲದಲ್ಲಿ ರೈತರು ಬೇಲಿ ಸವರುತ್ತಾರೆ. ಹಾಥಾರ್ನ್ ಮುಳ್ಳು ಸಣ್ಣ ರಸ್ತೆ ತುಂಬ ಬಿದ್ದಿರುತ್ತದೆ. ನಮ್ಮೂರ ಜಾಲಿ ಮುಳ್ಳಿನ ಹಾಗೇ ನೆಟ್ಟಗೆ ಒಳಗೆ ಹೋಗುತ್ತದೆ. ಗಟ್ಟಿ ಟೈರ್ ಹಾಕಿ, 28 ಅಥವಾ 32 ಮಿ.ಮೀ. ಅಗಲದ್ದು. ಟ್ಯೂಬ್ ಮೂರು ಇರಲಿ. ಪಂಕ್ಚರ್ ಆದಾಗ ಒಳಗಿನ ಮುಳ್ಳು ಹುಡುಕಿ ತೆಗೆಯದೆ ಹೊಸ ಟ್ಯೂಬ್ ಹಾಕಬೇಡಿ.

ಮಡ್‌ಗಾರ್ಡ್ ಪೂರ್ತಿ ಉದ್ದದ್ದು ಬೇಕು. ದೀಪ ಡೈನಮೊ ಆದರೆ ಚಿಂತೆ ಇಲ್ಲ. ಅದಿಲ್ಲ ಅಂದರೆ ಹಿಂದೆ ಮುಂದೆ ಎರಡೆರಡು ದೀಪ, ಏಕೆಂದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಒಂದು ಬಕೆಟ್ ನೀರು ಹೊಯ್ದು ಉಪ್ಪು ತೊಳೆದು ಚೈನ್ ಒರೆಸಿ ಎಣ್ಣೆ ಹಾಕಿ. ನಾನು ಒಂದು ರಾತ್ರಿ ಬಿಟ್ಟಿದ್ದಕ್ಕೆ ಬೆಳಿಗ್ಗೆ ಚೈನ್ ಕೆಂಪಾಗಿತ್ತು. ಬ್ರೇಕ್ ಪ್ಯಾಡ್ ಪ್ರತಿ ಸವಾರಿಗೂ ಮುಂಚೆ ನೋಡಿ. ಒದ್ದೆ ಮಣ್ಣಲ್ಲಿ ಹೊಸ ಪ್ಯಾಡ್ ಕೂಡ ಒಂದೇ ದಿನದಲ್ಲಿ ಸವೆದುಹೋಗಬಹುದು.

ಬೆಂಗಳೂರಿನಿಂದ

ನಾನು ಇಲ್ಲೇ 12 ತಿಂಗಳು ತಿಂಗಳಿಗೊಂದು 200 ಮಾಡಿದವನು. ನಮಗೆ ಚಳಿಗಾಲವೇ ಸುಖ. ಜನವರಿಯಲ್ಲಿ ನಂದಿ ಬೆಟ್ಟ ಹತ್ತುವಾಗ ಕೈ ತಣ್ಣಗಾಗುತ್ತದೆ ಅಷ್ಟೇ. ಕಷ್ಟ ಏಪ್ರಿಲ್ ಬಿಸಿಲು, ಜುಲೈ ಮಳೆ. ಜುಲೈನದ್ದನ್ನು ಉಜಿರೆಯಿಂದ ಚಾರ್ಮಾಡಿ ಹತ್ತಿ ಮಾಡಿದೆ. ಘಾಟಿಯಲ್ಲಿ ಮಂಜು ಮುಸುಕಿ ಮುಂದಿನ ತಿರುವೇ ಕಾಣುತ್ತಿರಲಿಲ್ಲ. ಮೇಲಿಂದ ಬರುವ ಬಸ್ಸಿನ ಹಾರ್ನ್ ಕೇಳಿ ಬದಿಗೆ ಸರಿದು ನಿಲ್ಲುತ್ತಿದ್ದೆ. ಕೊಟ್ಟಿಗೆಹಾರ ಮುಟ್ಟಿ ನೀರ್ ದೋಸೆ ತಿನ್ನುವಾಗ ಮೈಯಿಂದ ಹಬೆ ಏಳುತ್ತಿತ್ತು. ಅಲ್ಲಿ ಅರ್ಧ ಗಂಟೆ ಕೂತದ್ದೇ ತಪ್ಪಾಯಿತು. ಮೈ ತಣ್ಣಗಾಗಿ, ಇಳಿಯಲು ಶುರು ಮಾಡಿದಾಗ ಹಲ್ಲು ಕಟಕಟ ಅನ್ನುತ್ತಿತ್ತು.

ಅದಕ್ಕೇ ಹೇಳುವುದು, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ. ಹೋಟೆಲ್ ಬೆಚ್ಚಗಿದ್ದರಂತೂ ಏಳಲು ಮನಸ್ಸೇ ಬರುವುದಿಲ್ಲ. ಆರ್ಡರ್ ಕೊಟ್ಟು, ಬರುವಷ್ಟರಲ್ಲಿ ನೀರು ತುಂಬಿಸಿ, ಗ್ಲೌಸ್ ಹಿಂಡಿ. ತಿಂದ ಕೂಡಲೇ ಹೊರಡಿ. ಅಕ್ಕ ಹೇಳಿದ ತಿಂಗಳ ಮೊದಲ ಶನಿವಾರದ ಮಾತು ಇಲ್ಲಿಗೂ ಅಷ್ಟೇ ನಿಜ. ನಾನು ನಾಲ್ಕು ತಿಂಗಳು ಕೊನೆಯ ಭಾನುವಾರಕ್ಕೆ ತಳ್ಳಿದೆ. ಆ ನಾಲ್ಕೂ ತಿಂಗಳು ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ಮ್ಯಾಂಚೆಸ್ಟರ್‌ನಿಂದ, ಮತ್ತೆ

ಎಲ್ಲರಿಗೂ ತುಂಬ ಧನ್ಯವಾದ. ಮನೆಯಲ್ಲಿ ಮಾತಾಡಿದೆ, ನಾಲ್ಕು ತಿಂಗಳಿಗೆ ಎರಡೆರಡು ಶನಿವಾರ ಗುರುತು ಹಾಕಿದ್ದೇವೆ. ಮಗಳೇ ಕೆಂಪು ಪೆನ್ನಲ್ಲಿ ಸೈಕಲ್ ಚಿತ್ರ ಬರೆದಿದ್ದಾಳೆ. ಇನ್ನೊಂದು ಕೇಳಬೇಕಿತ್ತು. ಆ ಶನಿವಾರ ಆಯೋಜಿಸಿದ ಬ್ರೆವೆ ಹತ್ತಿರದಲ್ಲಿ ಇಲ್ಲದಿದ್ದರೆ? ಒಬ್ಬನೇ ಹೋದರೆ ಲೆಕ್ಕಕ್ಕೆ ಬರುತ್ತದಾ? ನಡುದಾರಿಯಲ್ಲಿ ವಾಪಸ್ ಬರಬೇಕಾದರೆ ಏನು ಮಾಡೋದು?

ಶೆಫೀಲ್ಡ್‌ನಿಂದ

ಬರುತ್ತದೆ. 'ಡಿಐವೈ' ಅಂತ ಇದೆ, ದಾರಿ ನೀವೇ ಹಾಕಿಕೊಳ್ಳುವುದು. ಹೊರಡುವ ಮೊದಲೇ ನೋಂದಾಯಿಸಬೇಕು, ಇದನ್ನು ಮರೆಯಬೇಡಿ. ಮುಗಿದ ಮೇಲೆ ಜಿಪಿಎಸ್ ದಾಖಲೆ ಕಳಿಸಬೇಕು. ನನ್ನ ಹನ್ನೆರಡರಲ್ಲಿ ಏಳು ಹೀಗೇ ಆದವು. ಚಳಿಗಾಲಕ್ಕೆ ಇದೇ ಅನುಕೂಲ, ದಿನವೂ ನಿಮ್ಮದು, ದಾರಿಯೂ ನಿಮ್ಮದು. ಆದರೆ ಒಬ್ಬರೇ ಹೋಗುವಾಗ ರೈಲು ಹಳಿಯ ಹತ್ತಿರವೇ ಸುತ್ತುವ ದಾರಿ ಹಾಕಿ. ಕ್ರೂ, ವಿಚರ್ಚ್, ಶ್ರೂಸ್‌ಬರಿ, ಎಲ್ಲ ಕಡೆ ಸ್ಟೇಷನ್ ಇದೆ. ಸೈಕಲ್ ಹತ್ತಿಸಿಕೊಂಡು ಮನೆಗೆ ಬರಬಹುದು. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದ್ದು, ನೀವು ದಕ್ಷಿಣಕ್ಕೆ ಹೋದರೆ ಸಂಜೆ ಕತ್ತಲಲ್ಲಿ ಬೆನ್ನಿಗೆ ತಳ್ಳುತ್ತದೆ.

ನಿಮ್ಮ ಮೊದಲನೆಯದಕ್ಕೆ ನಾನೂ ಬರುತ್ತೇನೆ. ನವೆಂಬರ್ ಮೊದಲ ಶನಿವಾರ, ಹಿಂದಿನ ರಾತ್ರಿ ಸ್ಟಾಕ್‌ಪೋರ್ಟ್‌ನಲ್ಲಿ ಗೆಳತಿಯ ಮನೆಯಲ್ಲಿ ಉಳಿಯುತ್ತೇನೆ. ಬೆಳಿಗ್ಗೆ ಏಳಕ್ಕೆ ಸ್ಟೇಷನ್ ಮುಂದೆ ಸಿಗೋಣ. ಐದೂವರೆಗೆ ಎದ್ದು ಹೊರಗಿನ ಕಾರಿನ ಗಾಜು ಮುಟ್ಟಿ ನೋಡಿ, ಗಾಜು ಹೇಗಿದೆ ಅಂತ ನನಗೊಂದು ಮೆಸೇಜ್ ಹಾಕಿ. ಚಪಾತಿ ನಾನು ಇಬ್ಬರಿಗೂ ತರುತ್ತೇನೆ.