ಎಸಿಗೆ ಗ್ಯಾಸ್ ಸೇರಿಸಿದರೆ ಸಾಕೇ, ಪೂರ್ತಿ ತೆಗೆದು ತುಂಬಿಸಬೇಕೇ? ಅನುಭವ ಇದ್ದವರು ಹೇಳಿ

ಕೇಳಿದವರು: ಮನೆಯ ಸ್ಪ್ಲಿಟ್ ಎಸಿ ತಂಪು ಕೊಡುತ್ತಿಲ್ಲ. ಗ್ಯಾಸ್ ಆರ್-410ಎ. ಇಂಡೋರ್ ಯೂನಿಟ್ ಹಿಂದೆ ತಾಮ್ರದ ಪೈಪನ್ನು ಬಿಗಿಯುವ ಫ್ಲೇರ್ ನಟ್ ಸುತ್ತ ಎಣ್ಣೆಯ ಕಲೆ ಇದೆ. ಮೆಕ್ಯಾನಿಕ್ ‘ಸ್ವಲ್ಪ ಗ್ಯಾಸ್ ಸೇರಿಸಿದರೆ ಸಾಕು’ ಎನ್ನುತ್ತಾರೆ. ಪಂಪ್‌ನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಮಾಡಿಸಲೇಬೇಕೇ? ಪಂಪ್ ಕೊಂಡು ನಾನೇ ಮಾಡಬಹುದೇ?

ಸುಟ್ಟ ಕಂಪ್ರೆಸರ್: ‘ಸೇರಿಸಿದರೆ ಸಾಕು’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ ಎಂದೇ ಅರ್ಥ. ನನ್ನ ಎಸಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಟ್ಟವನು ವ್ಯಾಕ್ಯೂಮ್ ಪಂಪನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ವಾಲ್ವ್ ತುಸು ತೆರೆದು, ಪೈಪಿನ ಇನ್ನೊಂದು ತುದಿಯ ನಟ್ ಸಡಿಲಿಸಿ, ಬುಸ್ಸೆಂದು ಗ್ಯಾಸ್ ಬಿಟ್ಟು ‘ಗಾಳಿ ಹೋಯಿತು’ ಎಂದ. ಗಾಳಿ ಹೋಗಿರಬಹುದು, ತೇವ ಹೋಗಲಿಲ್ಲ. ಕಂಪ್ರೆಸರ್ ಒಳಗಿರುವ ಪಿಒಇ ಎಂಬ ಸಿಂಥೆಟಿಕ್ ಎಣ್ಣೆ ತೇವ ಹೀರಿದರೆ ಆಮ್ಲ ಹುಟ್ಟುತ್ತದೆ, ಆಮ್ಲ ಮೋಟಾರಿನ ತಂತಿಸುತ್ತನ್ನು (ವೈಂಡಿಂಗ್) ತಿನ್ನುತ್ತದೆ. ಕಂಪ್ರೆಸರ್ ಬಿಚ್ಚಿದಾಗ ಎಣ್ಣೆ ಕಪ್ಪಾಗಿತ್ತು, ಮೂಗಿಗೆ ಅಡರುವ ಹುಳಿ ವಾಸನೆ. ನಾನು ತೆತ್ತದ್ದು ಏನೇನು ಗೊತ್ತೇ? ಹೊಸ ಕಂಪ್ರೆಸರ್, ತೇವ ಹೀರುವ ಫಿಲ್ಟರ್ ಡ್ರೈಯರ್, ಪೈಪು ಸ್ವಚ್ಛ ಮಾಡಲು ನೈಟ್ರೋಜನ್, ಪೈಪು ಬೆಸೆಯುವ ಬ್ರೇಜಿಂಗ್ ಕೂಲಿ, ಔಟ್‌ಡೋರ್ ಯೂನಿಟ್ಟನ್ನು ಗೋಡೆಯಿಂದ ಇಳಿಸಿದ್ದಕ್ಕೆ ಒಂದು, ಏರಿಸಿದ್ದಕ್ಕೆ ಇನ್ನೊಂದು, ಮೇಲೆ ಮತ್ತೆ ಪೂರ್ತಿ ಗ್ಯಾಸ್. ವಾರಂಟಿಯವರು ‘ಅಳವಡಿಕೆಯ ದೋಷ’ ಎಂದು ಬರೆದು ಕೈ ತೊಳೆದುಕೊಂಡರು.

ಮೈಕ್ರಾನ್ ಐನೂರು: ಇದೇ ಕಾರಣಕ್ಕೆ ನಾನು ಯಾರನ್ನೂ ಕರೆಯದೆ ಸ್ವಂತ ಸಾಮಾನು ಕೊಂಡೆ. ಎರಡು ಹಂತದ ಪಂಪ್, ವ್ಯಾಕ್ಯೂಮ್ ಅಳೆಯುವ ಮೈಕ್ರಾನ್ ಗೇಜ್ (ಅಂಕಿ ಇಳಿದಷ್ಟೂ ಒಳ್ಳೆಯದು), ವಾಲ್ವ್ ಒಳಗಿನ ಸಣ್ಣ ಪಿನ್, ಅಂದರೆ ಕೋರ್, ತೆಗೆಯುವ ಸಾಧನ, ಟಾರ್ಕ್ ರೆಂಚ್, ಗ್ರಾಂ ತೋರಿಸುವ ತೂಕದ ಯಂತ್ರ. ಒಟ್ಟು ಮೊತ್ತದಲ್ಲಿ ಸಣ್ಣ ಎಸಿಯೊಂದು ಬರುತ್ತಿತ್ತು, ನನಗೆ ಬೇಸರವಿಲ್ಲ. ಮೊದಲ ಸಲ ಪಂಪ್ ಓಡಿಸಿದಾಗ ಗೇಜ್ 1,500 ಮೈಕ್ರಾನ್ ಆಸುಪಾಸಿನಲ್ಲಿ ನಿಂತು ಕೆಳಗಿಳಿಯಲೇ ಇಲ್ಲ. ಗೇಜ್, ಹೋಸ್ ಜೋಡಿಸುವ ಮ್ಯಾನಿಫೋಲ್ಡ್ ಜೊತೆ ಕೊಟ್ಟಿದ್ದ ತೆಳು ಹೋಸ್‌ಗಳ ರಬ್ಬರ್ ಸೀಲೇ ಗಾಳಿ ಎಳೆಯುತ್ತಿತ್ತು. ಅವನ್ನು ಎಸೆದು ದಪ್ಪ ಹೋಸ್ ಹಾಕಿದೆ, ಕೋರ್ ತೆಗೆದೆ, ಹಾಲಿನಂತೆ ಬೆಳ್ಳಗಾಗಿದ್ದ ಪಂಪ್ ಎಣ್ಣೆ ಬದಲಿಸಿದೆ. ಆಗ 900, 700, ಕೊನೆಗೆ 500ರ ಕೆಳಗೆ. ಪಂಪ್ ಕಡೆಯ ವಾಲ್ವ್ ಮುಚ್ಚಿ ಗೇಜ್ ನೋಡುತ್ತಾ ಕುಳಿತೆ. ಅಂಕಿ ಏರಿ ಒಂದೆಡೆ ನಿಂತರೆ ತೇವ, ಏರುತ್ತಲೇ ಹೋದರೆ ಸೋರಿಕೆ. ಗಡಿಯಾರ ನೋಡಿ ‘ಅರ್ಧ ಗಂಟೆ ಆಯಿತು, ಸಾಕು’ ಎನ್ನುವವರಿಗೆ ಇದು ಹೇಗೆ ಗೊತ್ತಾಗಬೇಕು? ಸೂಜಿಯ ಗೇಜಿನಲ್ಲಿ 5,000 ಮೈಕ್ರಾನೂ 500 ಮೈಕ್ರಾನೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಆಮೇಲೆ ಸಿಲಿಂಡರ್ ತಲೆಕೆಳಗು ಮಾಡಿ, ನೇಮ್‌ಪ್ಲೇಟ್‌ನಲ್ಲಿ ಬರೆದಷ್ಟೇ ಗ್ರಾಂ, ದ್ರವರೂಪದಲ್ಲಿ ತೂಗಿ ತುಂಬಿಸಿದೆ. ಆರ್-410ಎ ಎರಡು ಗ್ಯಾಸ್‌ಗಳ ಮಿಶ್ರಣ, ಆವಿಯಾಗಿ ಬಿಟ್ಟರೆ ಅವುಗಳ ಪ್ರಮಾಣ ಬದಲಾಗಬಹುದು, ಹಾಗೆ ಬಿಡಬಾರದು.

ಕಸುಬುದಾರ: ಮೈಕ್ರಾನ್ ಅವರೇ, ಹಳೆಯ ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಬರೆಯಲೇ ಇಲ್ಲ. ಆಕಾಶಕ್ಕೆ ಬಿಟ್ಟಿರಾ? ಒಂದು ಕಿಲೋ ಆರ್-410ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಎರಡು ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈ ಆಕ್ಸೈಡಿಗೆ ಸಮ. ಇನ್ನೊಂದು ಮಾತು. ವ್ಯಾಕ್ಯೂಮ್‌ನಲ್ಲಿ ಸೋರಿಕೆ ಹುಡುಕಿದೆ ಎಂದು ಹೆಮ್ಮೆಪಡಬೇಡಿ. ವ್ಯಾಕ್ಯೂಮ್‌ನಲ್ಲಿ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಹೆಚ್ಚೆಂದರೆ ಒಂದು ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದಷ್ಟು. ಯಂತ್ರ ಓಡುವಾಗ ಒತ್ತಡದ ಕಡೆ 25 ಬಾರ್ ದಾಟುತ್ತದೆ. ಮೊದಲು ಒಣ ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ, ಗುಳ್ಳೆ ಎಲ್ಲೇಳುತ್ತದೆ ನೋಡಿ, ಫ್ಲೇರ್, ಅಂದರೆ ಪೈಪಿನ ಅಗಲಿಸಿದ ತುದಿ, ಹೊಸದಾಗಿ ಮಾಡಿದ ಮೇಲೆಯೇ ಪಂಪ್. ನೈಟ್ರೋಜನ್ ಬದಲು ಆಕ್ಸಿಜನ್ ಹಾಕಿದರೆ ಎಣ್ಣೆಗೆ ತಗುಲಿ ಸಿಡಿಯುತ್ತದೆ, ಜೀವವೇ ಹೋಗುತ್ತದೆ. ಇಷ್ಟೆಲ್ಲ ಮಾಡಲು ನಾವು ಸಿದ್ಧ. ಆದರೆ ಅಷ್ಟು ಹೊತ್ತಿನ ಕೂಲಿ ಕೇಳಿದರೆ ‘ಪಕ್ಕದವನು ಅರ್ಧಕ್ಕೆ ಮಾಡುತ್ತಾನೆ’ ಎನ್ನುತ್ತೀರಿ. ಆಮೇಲೆ ಕಂಪ್ರೆಸರ್ ಸುಟ್ಟರೆ ಬೈಗುಳ ಇಡೀ ಕಸುಬಿಗೆ.

ಸುಟ್ಟ ಕಂಪ್ರೆಸರ್: ನಾನು ಒಂದು ಕಾಸೂ ಚೌಕಾಸಿ ಮಾಡಿರಲಿಲ್ಲ. ಕೇಳಿದಷ್ಟು ಕೊಟ್ಟೆ. ನಿಮ್ಮವರ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ.

ಮೈಕ್ರಾನ್ ಐನೂರು: ಗ್ಯಾಸನ್ನು ಆಕಾಶಕ್ಕೆ ಬಿಟ್ಟಿಲ್ಲ. ಪಂಪ್‌ಡೌನ್ ಮಾಡಿ, ಅಂದರೆ ಎಸಿಯ ಕಂಪ್ರೆಸರನ್ನೇ ಓಡಿಸಿ ಗ್ಯಾಸನ್ನು ಔಟ್‌ಡೋರ್ ಯೂನಿಟ್ಟಿಗೆ ಎಳೆದುಕೊಂಡು, ಉಳಿದದ್ದನ್ನು ಗ್ಯಾಸ್ ಹೀರಿ ತೆಗೆಯುವ ರಿಕವರಿ ಯಂತ್ರ ಬಾಡಿಗೆಗೆ ತಂದು ಸಿಲಿಂಡರಿಗೆ ತೆಗೆದೆ. ಸಿಲಿಂಡರ್ ಶೇ. 80ಕ್ಕಿಂತ ಹೆಚ್ಚು ತುಂಬಬಾರದು ಎಂಬುದೂ ನನಗೆ ಗೊತ್ತು.

ಕಸುಬುದಾರ: ಸೋರುತ್ತಿರುವ ಯಂತ್ರದಲ್ಲಿ ಪಂಪ್‌ಡೌನ್! ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿದರೆ ಅದೇ ತೂತಿನಿಂದ ಗಾಳಿ ಒಳಗೆ ಬರುತ್ತದೆ. ಗಾಳಿ, ಎಣ್ಣೆ ಎರಡನ್ನೂ ಕಂಪ್ರೆಸರ್ ಒತ್ತಿದರೆ ಕಾವು ಏರಿ ಸ್ಫೋಟವಾಗುತ್ತದೆ. ಹಾಗೆ ಕಂಪ್ರೆಸರ್ ಒಡೆದು ಜನ ಸತ್ತಿದ್ದಾರೆ. ಪ್ರಶ್ನೆ ಕೇಳಿದವರ ಫ್ಲೇರ್ ಸೋರುತ್ತಿದೆ, ನಿಮ್ಮ ಮಾತು ನಂಬಿ ಅವರೂ ಹಾಗೇ ಮಾಡಿದರೆ?

ಮೈಕ್ರಾನ್ ಐನೂರು: ಒತ್ತಡದ ಗೇಜ್ ನೋಡುತ್ತಲೇ ಮಾಡಿದ್ದು. ಸೊನ್ನೆಗೆ, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕೆ, ಬರುವ ಮೊದಲೇ ವಾಲ್ವ್ ಮುಚ್ಚಿ ಯಂತ್ರ ನಿಲ್ಲಿಸಿದೆ. ಕಣ್ಣು ಮುಚ್ಚಿ ಕೆಲಸ ಮಾಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಹಳೆಯ ಆರ್-22: ಇಷ್ಟೆಲ್ಲ ಯಾಕೆ? ನನ್ನ ಹಳೆಯ ಯಂತ್ರಕ್ಕೆ ಮೊದಲಿದ್ದ ಆರ್-22 ಗ್ಯಾಸ್ ಬದಲು ಪ್ರೊಪೇನ್, ಅಂದರೆ ಆರ್-290 ತುಂಬಿಸಿದ್ದೇನೆ. ಗ್ಯಾಸ್ ಅರ್ಧಕ್ಕಿಂತ ಕಡಿಮೆ ಹಿಡಿಯಿತು, ತಂಪು ಮೊದಲಿನಷ್ಟೇ, ಕರೆಂಟ್ ಎಳೆತ ಕಡಿಮೆ. ಓಜೋನ್‌ಗೂ ಹಾನಿಯಿಲ್ಲ.

ಕಸುಬುದಾರ: ಪ್ರೊಪೇನ್‌ಗೆಂದೇ ತಯಾರಾದ ಯಂತ್ರ ಬೇರೆ, ನಿಮ್ಮದು ಬೇರೆ. ಅದರ ರಿಲೇ, ಸ್ವಿಚ್ ಯಾವುದನ್ನೂ ಬೆಂಕಿಯ ಗ್ಯಾಸ್‌ಗೆಂದು ಮಾಡಿಲ್ಲ. ಗಾಳಿಯಲ್ಲಿ ಶೇ. 2ಕ್ಕೆ ತುಸು ಹೆಚ್ಚು ಪ್ರೊಪೇನ್ ಬೆರೆತರೂ ಒಂದು ಕಿಡಿ ಸಾಕು. ಹೊಸ ಎಸಿಗಳ ಆರ್-32 ಗ್ಯಾಸ್ ಹೊತ್ತಿಕೊಳ್ಳಲು ಸುಮಾರು ಶೇ. 14 ಬೇಕು, ಅಂಥದ್ದರ ಜೊತೆಗೇ ನಾವು ಎಷ್ಟೊಂದು ಹೆದರಿ ಕೆಲಸ ಮಾಡುತ್ತೇವೆ. ಯಂತ್ರದ ಮೇಲೆ ‘ಪ್ರೊಪೇನ್’ ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ. ನಾಳೆ ಬೆಸುಗೆಯ ಬೆಂಕಿ ಟಾರ್ಚ್ ಹಿಡಿದು ಬರುವವನಿಗೂ ಹೆಂಡತಿ ಮಕ್ಕಳಿದ್ದಾರೆ.

ಹಳೆಯ ಆರ್-22: ಅಂಟಿಸಿಲ್ಲ ಎಂದು ನಿಮಗೆ ಹೇಳಿದವರು ಯಾರು?