ಸ್ಮರಣಾರ್ಥ ಅಂಚೆಚೀಟಿಗಳಲ್ಲಿ ಕರ್ನಾಟಕ: 16 ಹಾಳೆಯ ಫ್ರೇಮಿನಲ್ಲಿ ಏನಿಡಬೇಕು, ಏನು ಬಿಡಬೇಕು?

ಮಲೆನಾಡು_ಸ್ಟಾಂಪ್ಸ್:
ಜಿಲ್ಲಾ ಪ್ರದರ್ಶನಕ್ಕೆ ಶಾಲೆಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಕ್ಲಬ್ಬಿನಿಂದ ಒಂದು ಫ್ರೇಮ್ (16 ಹಾಳೆ ಜೋಡಿಸುವ ಪ್ರದರ್ಶನ ಚೌಕಟ್ಟು) ಸಿದ್ಧವಾಗಬೇಕು. ವಿಷಯ ಕರ್ನಾಟಕದ ವ್ಯಕ್ತಿಗಳು ಮತ್ತು ಸಾಧನೆಗಳು. ಸದ್ಯ ಇರುವುದು ಪುರಂದರದಾಸರು (1964), ಬಸವೇಶ್ವರ (1967), ಸಿ.ವಿ. ರಾಮನ್ (1971), ಆರ್ಯಭಟ ಉಪಗ್ರಹ (1975), ಕಿತ್ತೂರು ಚೆನ್ನಮ್ಮ (1977), ಗೊಮ್ಮಟೇಶ್ವರ (1981), ರಾಜ್‌ಕುಮಾರ್ (2009). ಎಲ್ಲ ಮಿಂಟ್ (ಬಳಸದ, ಹಿಂಬದಿಯ ಗೋಂದು ಹಾಗೇ ಇರುವ ಚೀಟಿ). ವಿಶ್ವೇಶ್ವರಯ್ಯನವರದು (1960) ಮಾತ್ರ ಬಳಸಿದ್ದು, ಲಕೋಟೆಯ ತುಂಡಿನ ಮೇಲಿದೆ. ಇಸವಿ ಪ್ರಕಾರ ಜೋಡಿಸಿದರೆ ಸಾಕೆ? ತುಂಡಿನಿಂದ ಸ್ಟಾಂಪು ಬಿಡಿಸಬೇಕೆ? 2006ರ ಶ್ರೀಗಂಧದ ಪರಿಮಳದ ಸ್ಟಾಂಪು ಸೇರಿಸಬಹುದೆ?

ಹಳೇಮೊಹರು:
ಇಸವಿ ಪ್ರಕಾರ ಜೋಡಿಸಿದರೆ ಆಲ್ಬಮ್ ಆಗುತ್ತದೆ, ಎಕ್ಸಿಬಿಟ್ ಆಗುವುದಿಲ್ಲ. ಅಂತರರಾಷ್ಟ್ರೀಯ ಥೀಮ್ಯಾಟಿಕ್ (ಒಂದು ವಿಷಯ ಹಿಡಿದು ಮಾಡುವ ಪ್ರದರ್ಶನದ) ನಿಯಮದಲ್ಲಿ ನೂರಕ್ಕೆ 35 ಅಂಕ ಯೋಜನೆ ಮತ್ತು ನಿರೂಪಣೆಗೆ, 30 ತಿಳಿವಳಿಕೆಗೆ, 30 ಸ್ಟಾಂಪಿನ ಸ್ಥಿತಿ ಮತ್ತು ಅಪರೂಪಕ್ಕೆ. ಅಂದಚೆಂದಕ್ಕೆ ಬರೀ 5. ಜಿಲ್ಲಾ ಮಟ್ಟದಲ್ಲಿ ಲೆಕ್ಕ ಸ್ವಲ್ಪ ಆಚೀಚೆ ಇರಬಹುದು, ಒಲವು ಮಾತ್ರ ಇದೇ. ಮಕ್ಕಳು ಬಣ್ಣದ ಬಾರ್ಡರು ಬಿಡಿಸುತ್ತ ಕೂರುವ ಸಮಯವನ್ನು ಮೊದಲ ಹಾಳೆಯ ಪ್ಲಾನ್ ಬರೆಯುವುದಕ್ಕೆ ಕೊಡಿ.

ಸ್ಮರಣಾರ್ಥ ಚೀಟಿಯಲ್ಲಿ ಚಿತ್ರಕ್ಕಿಂತ ಸಂದರ್ಭ ಮುಖ್ಯ. ಆ ವರ್ಷವೇ ಏಕೆ ಬಂತು? ಪುರಂದರದಾಸರದು ಅವರು ತೀರಿಹೋಗಿ 400 ವರ್ಷವಾದದ್ದಕ್ಕೆ. ಗೊಮ್ಮಟನದು ಮೂರ್ತಿಗೆ ಸಾವಿರ ವರ್ಷ ತುಂಬಿದ್ದಕ್ಕೆ. ರಾಮನ್ ತೀರಿಕೊಂಡದ್ದು 21 ನವೆಂಬರ್ 1970, ಚೀಟಿ ಬಂದದ್ದು ಮರುವರ್ಷ ಅದೇ ದಿನ. ಆರ್ಯಭಟ ಹಾರಿದ್ದು 19 ಏಪ್ರಿಲ್ 1975ರಂದು ಸೋವಿಯತ್ ನೆಲದಿಂದ, 25 ಪೈಸೆಯ ಚೀಟಿ ಮಾರನೆಯ ದಿನವೇ ಹೊರಬಂತು. ಉಪಗ್ರಹ ತಯಾರಾದದ್ದು ನಮ್ಮ ಪೀಣ್ಯದಲ್ಲಿ, ಕರ್ನಾಟಕದ ಕೊಂಡಿ ಅದೇ. ಅದನ್ನು ಬರೆಯದಿದ್ದರೆ ಈ ಚೀಟಿ ನಿಮ್ಮ ಫ್ರೇಮಿನಲ್ಲಿ ಏಕಿದೆ ಎಂದು ತೀರ್ಪುಗಾರರು ಕೇಳುತ್ತಾರೆ. ಸೋವಿಯತ್ ಒಕ್ಕೂಟವೂ 1975ರಲ್ಲಿ ಆರ್ಯಭಟಕ್ಕೆ ಚೀಟಿ ತಂದಿತ್ತು. ಸಿಕ್ಕರೆ ಪಕ್ಕದಲ್ಲೇ ಇಡಿ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲೂ ಆರ್ಯಭಟ ಇದೆ, ಆದರೆ ನೋಟು, ಫೋಟೊ, ಪತ್ರಿಕೆಯ ತುಣುಕು ಯಾವುದೂ ಬೇಡ. ಅಂಚೆ ಸಾಮಗ್ರಿ ಮಾತ್ರ.

ವಿಶ್ವೇಶ್ವರಯ್ಯ ನಿಮ್ಮ ಫ್ರೇಮಿನ ಗಟ್ಟಿ ಹಾಳೆ. ಬದುಕಿರುವವರ ಮೇಲೆ ಚೀಟಿ ತರದಿರುವುದು ನಮ್ಮಲ್ಲಿನ ವಾಡಿಕೆ. 1958ರಲ್ಲಿ ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆಯವರಿಗೆ ನೂರು ತುಂಬಿದಾಗ ಆ ವಾಡಿಕೆ ಮುರಿಯಿತು, 15 ಸೆಪ್ಟೆಂಬರ್ 1960ರಂದು ವಿಶ್ವೇಶ್ವರಯ್ಯನವರಿಗೂ ಆ ಗೌರವ ಸಿಕ್ಕಿತು. ಅವರು ತೀರಿಕೊಂಡದ್ದು 1962ರಲ್ಲಿ. ಎಷ್ಟೋ ಫ್ರೇಮುಗಳಲ್ಲಿ ಇದರ ಕೆಳಗೆ ‘ಸರ್ ಎಂ.ವಿ., ಇಂಜಿನಿಯರ್’ ಎಂದಷ್ಟೇ ಬರೆದಿರುತ್ತದೆ. ಅಂಕ ಕಳೆದುಕೊಳ್ಳಲು ಅಷ್ಟು ಸಾಕು.

ಕರಾವಳಿ_ಫಿಲಾಟೆಲಿ:
ಬಿಡಿಸುವ ವಿಚಾರ. ತುಂಡಿನ ಮೇಲಿನ ಮೊಹರಿನಲ್ಲಿ ಊರು, ತಾರೀಖು ಓದಲು ಬರುತ್ತಿದ್ದರೆ ಮುಟ್ಟಲೇಬೇಡಿ, ತುಂಡಿನ ಸಮೇತ ಇಡಿ. ತಾರೀಖು 15-9-1960 ಆಗಿದ್ದರಂತೂ ಅದು ಬಿಡುಗಡೆಯ ದಿನದ ಮೊಹರು, ಬಿಡಿ ಸ್ಟಾಂಪಿಗಿಂತ ಎಷ್ಟೋ ಮೇಲು. ಮೊಹರು ಬರೀ ಮಸಿಯ ಗೆರೆಯಾಗಿದ್ದರೆ ಬಿಡಿಸಿ.

ಸುತ್ತ ಒಂದು ಸೆಂ.ಮೀ. ಬಿಟ್ಟು ಕಾಗದ ಕತ್ತರಿಸಿ. ಅಗಲ ಬಟ್ಟಲಿನಲ್ಲಿ ತಣ್ಣೀರು ತುಂಬಿ, ಚಿತ್ರ ಮೇಲಾಗಿ ತೇಲಿಬಿಡಿ. 15–20 ನಿಮಿಷದಲ್ಲಿ ತಾನೇ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಹೊತ್ತು ಬಿಡಿ, ಎಳೆದರೆ ಕಾಗದದ ಪದರ ಕಿತ್ತು ಹಿಂಬದಿ ತೆಳುವಾಗುತ್ತದೆ. ಬಣ್ಣದ ಲಕೋಟೆಯ ತುಂಡನ್ನು ಬೇರೆಯವುಗಳ ಜೊತೆ ನೆನೆಸಬಾರದು, ಬಣ್ಣ ಬಿಟ್ಟು ಎಲ್ಲಕ್ಕೂ ಹತ್ತುತ್ತದೆ. ಉಳಿದ ಅಂಟನ್ನು ಬೇರೆ ನೀರಿನಲ್ಲಿ ತೊಳೆದು, ಬ್ಲಾಟಿಂಗ್ ಪೇಪರ್ ಮೇಲೆ ಚಿತ್ರ ಕೆಳಗಾಗಿ ಒಣಗಿಸಿ, ರಾತ್ರಿಯಿಡೀ ದಪ್ಪ ಪುಸ್ತಕದಡಿ ಇಡಿ. ಸ್ಟಾಂಪನ್ನು ಚಿಮಟದಿಂದಲೇ ಎತ್ತಿ. ಬೆರಳಿನ ಎಣ್ಣೆ ಮುಂದೆ ಕಲೆಯಾಗುತ್ತದೆ.

ಗಂಧದ ಸ್ಟಾಂಪು (13 ಡಿಸೆಂಬರ್ 2006, 15 ರೂಪಾಯಿ) ಮತ್ತು ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಸ್ಟಾಂಪು (2017, 100 ರೂಪಾಯಿ) ಎರಡನ್ನೂ ನೆನೆಸಬಾರದು. ಮೂಸಿ ನೋಡಲೆಂದು ಉಜ್ಜಿದಷ್ಟೂ ಪರಿಮಳ ಬೇಗ ಹೋಗುತ್ತದೆ. ಫ್ರೇಮಿನಲ್ಲಿ ಹೇಗೂ ಪ್ಲಾಸ್ಟಿಕ್ ಹಿಂದೆ ಕೂರುವುದರಿಂದ ನೋಡುವವರಿಗೆ ವಾಸನೆ ಸಿಗದು, ಬರಹದಲ್ಲೇ ಹೇಳಬೇಕು. ನಿಮ್ಮ ವಿಷಯ ವ್ಯಕ್ತಿಗಳು, ಸಾಧನೆಗಳು ಎಂದಿದ್ದರೆ ನನ್ನ ಮಟ್ಟಿಗೆ ಇವೆರಡೂ ಹೊರಗೇ ಇರಲಿ.

ಮಲೆನಾಡಾದ್ದರಿಂದ ಇನ್ನೊಂದು ಮಾತು. ಮಳೆಗಾಲದಲ್ಲಿ ಮಿಂಟ್ ಚೀಟಿಯ ಗೋಂದು ಹಾಳೆಗೆ ಹತ್ತಿಕೊಳ್ಳುತ್ತದೆ, ಅಂಚಿನ ಹಲ್ಲುಗಳಲ್ಲಿ ಕಂದು ಚುಕ್ಕೆ ಏಳುತ್ತದೆ. ಆಲ್ಬಮ್ ನಿಲ್ಲಿಸಿಡಿ, ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ. ಪಿವಿಸಿ ಹಾಳೆಯ ಅಗ್ಗದ ಫೋಟೊ ಆಲ್ಬಮ್ ಬೇಡವೇ ಬೇಡ.

ಮಲೆನಾಡು_ಸ್ಟಾಂಪ್ಸ್:
ಧನ್ಯವಾದ ಸರ್. ತುಂಡಿನ ಮೊಹರಿನಲ್ಲಿ ಊರಿನ ಹೆಸರು ಅರ್ಧ ಕಾಣುತ್ತದೆ, ತಾರೀಖು ಪೂರ್ತಿ ಇದೆ, ಹಾಗೇ ಇಡುತ್ತೇವೆ. ಸಂಗೀತಗಾರರಿಗೆ ಒಂದು ಹಾಳೆ ಬೇಕು, ಯಾವುದು ಕೊಳ್ಳಲಿ? ಹಾಳೆಗೆ ಅಂಟಿಸುವುದು ಹೇಗೆ?

ಹಳೇಮೊಹರು:
3 ಸೆಪ್ಟೆಂಬರ್ 2014ರ ಸಂಗೀತಗಾರರ ಎಂಟು ಚೀಟಿಗಳ ಸೆಟ್ಟು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಜೊತೆಗೆ ಬೆಳಗಾವಿ ಕಡೆಯ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ: ಎಂಟರಲ್ಲಿ ನಾಲ್ವರು ನಮ್ಮವರು. ಈ ನಾಲ್ಕನ್ನೇ ಇಡಿ. ಉಳಿದವರು ಎಷ್ಟೇ ದೊಡ್ಡವರಾದರೂ ನಿಮ್ಮ ವಿಷಯದ ಹೊರಗೆ. ಹೀಗೆ ಕೊಳ್ಳುವಾಗ ಚೀಟಿಯ ಜೊತೆ ಅಂಚೆ ಇಲಾಖೆಯ ಬ್ರೋಷರ್ ಸಿಕ್ಕರೆ ತೆಗೆದುಕೊಳ್ಳಿ. ಅದು ಫ್ರೇಮಿಗಲ್ಲ, ತಾರೀಖು ಮತ್ತು ಸಂದರ್ಭ ಸರಿಯಾಗಿ ಬರೆಯಲಿಕ್ಕೆ.

ಅಂಟಿಸಲು ಫೆವಿಕಾಲ್, ಟೇಪು ಯಾವುದೂ ಕೂಡದು. ಮಿಂಟ್ ಚೀಟಿಗೆ ಹಿಂಜ್ (ಅಂಟು ಹಚ್ಚಿದ ಪುಟ್ಟ ಕಾಗದದ ಪಟ್ಟಿ) ಹಚ್ಚಿದರೂ ಗೋಂದಿನ ಮೇಲೆ ಗುರುತು ಬೀಳುತ್ತದೆ, ಮೌಂಟ್ (ಚೀಟಿ ಕೂರಿಸುವ ಪಾರದರ್ಶಕ ಕವಚ) ಬಳಸಿ. ಮೌಂಟು ಚೀಟಿಗಿಂತ ಒಂದೆರಡು ಮಿ.ಮೀ. ದೊಡ್ಡದಿರಲಿ, ಬಿಗಿಯಾದರೆ ಹಲ್ಲು ಮಡಚುತ್ತದೆ. ಲಕೋಟೆಗೆ, ತುಂಡಿಗೆ ಮೂಲೆ ಹಿಡಿದಿಡುವ ಫೋಟೊ ಕಾರ್ನರ್. ಹಾಳೆ 160–180 ಜಿಎಸ್ಎಂ (ಕಾಗದದ ತೂಕದ ಅಳತೆ), ಆಮ್ಲರಹಿತ, ಬಿಳಿ ಅಥವಾ ತಿಳಿ ಕೆನೆ. ಬರಹ ಮೊದಲು ಪ್ರಿಂಟ್ ತೆಗೆದು, ಮಸಿ ಪೂರ್ತಿ ಆರಿದ ಮೇಲಷ್ಟೇ ಚೀಟಿ ಕೂರಿಸಿ.

ಇನ್ನೊಂದು. ನೀವು ಹೇಳಿದಷ್ಟೇ ಚೀಟಿಗಳಿಂದ 16 ಹಾಳೆ ತುಂಬುವುದಿಲ್ಲ, ತುಂಬಿಸಲೆಂದು ಒಂದೇ ಚೀಟಿಯ ನಾಲ್ಕರ ಬ್ಲಾಕ್ (ಬೇರ್ಪಡಿಸದ ನಾಲ್ಕು ಚೀಟಿ) ಎಲ್ಲ ಕಡೆ ಇಡಬೇಡಿ. ಫಸ್ಟ್ ಡೇ ಕವರ್ (ಬಿಡುಗಡೆಯ ದಿನದ ಮೊಹರಿರುವ ಲಕೋಟೆ), ಅಂಚೆಯಲ್ಲಿ ನಿಜವಾಗಿ ಹೋಗಿಬಂದ ಲಕೋಟೆ, ಸಚಿತ್ರ ಮೊಹರು (ಚಿತ್ರವಿರುವ ಅಂಚೆ ಮುದ್ರೆ) ಹುಡುಕಿ. ಗೊಮ್ಮಟೇಶ್ವರ ಚೀಟಿ ಹಚ್ಚಿ 1981ರಲ್ಲಿ ಶ್ರವಣಬೆಳಗೊಳದಿಂದ ಹಾಕಿದ ಮಾಮೂಲಿ ಕಾಗದವೊಂದು ಸಿಕ್ಕರೆ, ಆ ಹಾಳೆಯಲ್ಲಿ ಬೇರೇನೂ ಬೇಡ.