ಗರ್ಭಿಣಿಯರ ಸಕ್ಕರೆ ಕಾಯಿಲೆ: ಪಥ್ಯದ ಚೀಟಿಯಲ್ಲಿ ಆರು ಹೊತ್ತು, ಹಲ್ಲಿನ ಚೀಟಿಯಲ್ಲಿ ಮೂರೇ ಹೊತ್ತು

ಪಥ್ಯದ_ಮೇಜು:
ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಬಂದವರಿಗೆ ಮೂರು ಊಟ, ನಡುನಡುವೆ ಮೂರು ಸಣ್ಣ ತಿಂಡಿ ಎಂದು ಆಹಾರತಜ್ಞರಾದ ನಾವು ಬರೆದುಕೊಡುತ್ತೇವೆ. ಪಕ್ಕದ ದಂತ ವಿಭಾಗದಲ್ಲಿ ‘ಊಟದ ಮಧ್ಯೆ ಬಾಯಾಡಿಸಬೇಡಿ’ ಅನ್ನುತ್ತಾರೆ. ಎರಡೂ ಕಡೆಯವರು ಒಂದೇ ಮಾತು ಹೇಳುವಂತೆ ತರಬೇತಿ ಹೇಗಿರಬೇಕು?

ಹಲ್ಲು_ವಸಡು:
ಇಬ್ಬರ ಅಳತೆಗೋಲೂ ಬೇರೆ, ಗೊಂದಲ ಅಲ್ಲೇ ಇದೆ. ನೀವು ದಿನಕ್ಕೆ ಎಷ್ಟು ಗ್ರಾಂ ಸಕ್ಕರೆ ಎಂದು ಲೆಕ್ಕ ಹಾಕುತ್ತೀರಿ, ದಂತವೈದ್ಯರಾದ ನಾವು ಅದು ಎಷ್ಟು ಸಲ ಬಾಯಿಗೆ ಬಿತ್ತು ಎಂದು ಎಣಿಸುತ್ತೇವೆ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯಲ್ಲಿ ಆಮ್ಲ ಹೆಚ್ಚಿ, ಅದರ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತಗ್ಗಿಸಿ ಮತ್ತೆ ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945–53ರಲ್ಲಿ ನಡೆದ ಪ್ರಯೋಗವೂ ಊಟದ ಮಧ್ಯೆ ತಿನ್ನುವ ಅಂಟು ಸಿಹಿಯೇ ಹೆಚ್ಚು ಹುಳುಕು ತರುತ್ತದೆಂದು ತೋರಿಸಿತು. (ಬುದ್ಧಿಮಾಂದ್ಯರ ಒಪ್ಪಿಗೆಯೇ ಇಲ್ಲದೆ ಮಾಡಿದ ಪ್ರಯೋಗ ಅದು, ಪಾಠ ಮಾಡುವಾಗ ಇದನ್ನೂ ಹೇಳಲೇಬೇಕು.)

ಆದ್ದರಿಂದ ‘ತಿನ್ನಬೇಡಿ’ ಎನ್ನುವುದು ನಮ್ಮ ತಪ್ಪು. ‘ಮಧ್ಯದ ತಿಂಡಿಯಲ್ಲಿ ಸಕ್ಕರೆ, ಬೆಲ್ಲ, ಜೇನು, ಬಿಸ್ಕತ್ತು ಬೇಡ’ ಎಂದರೆ ನಿಮ್ಮ ಆರು ಹೊತ್ತೂ ಉಳಿಯುತ್ತದೆ, ಹಲ್ಲೂ ಉಳಿಯುತ್ತದೆ.

ರಾಗಿ_ಮುದ್ದೆ:
ಆಹಾರತಜ್ಞರ ಕಡೆಯ ತಪ್ಪನ್ನೂ ಹೇಳಬೇಕು. ‘ಸಕ್ಕರೆ ಬದಲು ಬೆಲ್ಲ’ ಎನ್ನುವ ಸಲಹೆ ಇನ್ನೂ ಹೋಗಿಲ್ಲ. ಬೆಲ್ಲದಲ್ಲಿರುವುದೂ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯಲ್ಲಿರುವುದೇ. ರಕ್ತಕ್ಕೂ ಹಲ್ಲಿಗೂ ವ್ಯತ್ಯಾಸ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಿಹಿ ಎಲ್ಲ ಸೇರಿ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಅಂದರೆ 2000 ಕ್ಯಾಲೊರಿಗೆ 50 ಗ್ರಾಂ. ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಎರಡು ಚಮಚ ಸಕ್ಕರೆಯ ಕಾಫಿ ನಾಲ್ಕು ಲೋಟ ಕುಡಿದರೆ ಹತ್ತಿರ ಹತ್ತಿರ 40 ಗ್ರಾಂ ಅದರಲ್ಲೇ ಹೋಯಿತು.

ನಡುವಿನ ತಿಂಡಿಗೆ ಒಂದು ಹಿಡಿ ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಹೆಸರುಬೇಳೆ ಕೋಸಂಬರಿ, ಮೊಟ್ಟೆ, ಸಿಹಿಯಿಲ್ಲದ ಮೊಸರು ಬರೆಯಿರಿ. ಮಲಗುವ ಮುಂಚಿನ ಹಾಲಿಗೆ ಸಕ್ಕರೆ ಬೇಡ. ಹಾಲು ಮೊದಲು, ಹಲ್ಲುಜ್ಜುವುದು ಕೊನೆಗೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಪಟ್ಟಿ ಹೊಂದುವುದಿಲ್ಲ. ಕಡಲೆ, ಹಾಲು, ಚೀಸ್‌ನಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕೆಟ್ಟ ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕಲಾರದು. ದಂತವೈದ್ಯರು ಇದನ್ನು ತಿಳಿಯದೆ ‘ಚೀಸ್ ತಿನ್ನಿ’ ಎನ್ನುವುದುಂಟು.

ಹಲ್ಲು_ವಸಡು:
ತರಬೇತಿಗೆ ಅರ್ಧ ದಿನ ಸಾಕು, ಆದರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು. ಒಬ್ಬ ರೋಗಿಯ ಮೂರು ದಿನದ ಊಟದ ಪಟ್ಟಿ ಕೊಡಿ: ಹೊತ್ತು, ಪದಾರ್ಥ, ಸಿಹಿಯ ಗ್ರಾಂ, ಬಾಯಲ್ಲಿ ಎಷ್ಟು ಹೊತ್ತು ಇತ್ತು. ಈ ಕೊನೆಯ ಅಂಕಣ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಒಂದು ಲೋಟ ಕಾಫಿಯನ್ನು ಗಂಟೆಗಟ್ಟಲೆ ಗುಟುಕರಿಸುವುದು ಅಲ್ಲೇ ಸಿಕ್ಕಿಬೀಳುವುದು. ದಂತವೈದ್ಯರು ಗ್ರಾಂ ಕೂಡಿಸಲಿ, ಆಹಾರತಜ್ಞರು ಸಲ ಎಣಿಸಲಿ. ಆಮೇಲೆ ಒಂದೇ ಚೀಟಿ ಬರೆಯಲಿ.

ಗರ್ಭಿಣಿಯರ ವಾಂತಿಯನ್ನು ಮರೆಯಬೇಡಿ, ಅದರಲ್ಲಿರುವ ಹೊಟ್ಟೆಯ ಆಮ್ಲವೂ ಎನಾಮೆಲ್ ಮೆತ್ತಗಾಗಿಸುತ್ತದೆ. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಬೇಕು.

ಪಥ್ಯದ_ಮೇಜು:
ಇನ್ಸುಲಿನ್ ಮೇಲಿರುವವರಿಗೆ ನಡುರಾತ್ರಿ ಸಕ್ಕರೆ ಇಳಿದರೆ?

ರಾಗಿ_ಮುದ್ದೆ:
ಆಗ ಹಲ್ಲಿನ ಮಾತೇ ಇಲ್ಲ. 15 ಗ್ರಾಂ ಗ್ಲೂಕೋಸ್ ತಕ್ಷಣ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆ.ಲೀ.) ಕೆಳಗೇ ಇದ್ದರೆ ಇನ್ನೊಮ್ಮೆ. ಚೇತರಿಸಿಕೊಂಡ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿದರಾಯಿತು. ಚೀಟಿಯಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಬರೆಯಿರಿ.